ಗೆದ್ದವರು ಯಾರು, ಕೂತವರು ಯಾರು?

ಪತ್ರ: ಬ್ರಿಟಿಷ್ ಸಂಸತ್ತಿಗೆ ಆಯ್ಕೆಯಾದ ಮೊದಲ ಮಹಿಳೆ ಕಾನ್‌ಸ್ಟನ್ಸ್ ಮಾರ್ಕಿವಿಚ್ ಎಂದು ಬರೆದಿದ್ದೀರಿ. ಮಗಳ ಪರೀಕ್ಷೆಯ ಗೈಡಿನಲ್ಲಿ ನ್ಯಾನ್ಸಿ ಆಸ್ಟರ್ ಎಂದಿದೆ. ಸಂಸತ್ತಿನ ಮೆಟ್ಟಿಲೇ ಹತ್ತದವರು ಮೊದಲಿಗರು ಹೇಗೆ? ತಿದ್ದುಪಡಿ ಹಾಕಿ.
– ಓದುಗರೊಬ್ಬರು, ಹಾವೇರಿ

ಉತ್ತರ: ಗೈಡನ್ನೂ ಪತ್ರಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುವವರು ನಮಗೆ ಸಿಗುವುದು ಅಪರೂಪ. ಅದಕ್ಕೆ ಸಂತೋಷ. ತಿದ್ದುಪಡಿ ಮಾತ್ರ ಹಾಕುವುದಿಲ್ಲ.

ಆಸ್ಟರ್ ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಗಂಡ ಮೇಲ್ಮನೆಗೆ ಹೋದಾಗ ತೆರವಾದ ಪ್ಲಿಮತ್ ಕ್ಷೇತ್ರದಲ್ಲಿ ಗೆದ್ದು, 1919ರ ಡಿಸೆಂಬರ್ 1ರಂದು ಸದನದಲ್ಲಿ ಕೂತ ಮೊದಲ ಹೆಣ್ಣು ಅವರೇ.

ಅದಕ್ಕೂ ಒಂದು ವರ್ಷ ಮೊದಲು, 1918ರ ಚುನಾವಣೆಗೆ 17 ಹೆಂಗಸರು ನಿಂತಿದ್ದರು. ಐರ್ಲೆಂಡ್ ಆಗ ಬ್ರಿಟಿಷರ ಆಳ್ವಿಕೆಯಲ್ಲಿತ್ತು, ಅಲ್ಲಿಂದಲೂ ಸದಸ್ಯರು ಲಂಡನ್ನಿನ ಸಂಸತ್ತಿಗೆ ಆಯ್ಕೆಯಾಗುತ್ತಿದ್ದರು. ಗೆದ್ದವರು ಅಲ್ಲಿನ ಡಬ್ಲಿನ್ನಿನ ಮಾರ್ಕಿವಿಚ್ ಒಬ್ಬರೇ. ಗೆದ್ದಾಗ ಅವರಿದ್ದದ್ದು ಲಂಡನ್ನಿನ ಹಾಲೋವೇ ಜೈಲಿನಲ್ಲಿ. ಸದನದಲ್ಲಿ ಕೂರಬೇಕಾದರೆ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಅವರ ಶಿನ್ ಫೇನ್ ಪಕ್ಷದವರು ಯಾರೂ ಮಾಡಲಿಲ್ಲ, ಡಬ್ಲಿನ್ನಿನಲ್ಲಿ ತಮ್ಮದೇ ಸಭೆ ಕೂಡಿಸಿದರು. 1919ರ ಜನವರಿ 21ರಂದು ಅಲ್ಲಿ ಹಾಜರಿ ಕೂಗುವಾಗ ಈಕೆಯ ಹೆಸರಿಗೆ ಬಂದ ಉತ್ತರ: ‘ಪರಕೀಯರ ಸೆರೆಯಲ್ಲಿದ್ದಾರೆ.’ ಮೆಟ್ಟಿಲು ಹತ್ತಲಾಗದವರು ಬೇರೆ, ಹತ್ತೆನೆಂದವರು ಬೇರೆ ಅಲ್ಲವೇ ಸ್ವಾಮಿ?

ಈಕೆ ಇಲ್ಲದವರ ಮನೆಯಿಂದ ಬಂದವರಲ್ಲ. ಐರ್ಲೆಂಡಿನ ಸ್ಲೈಗೊ ಸೀಮೆಯ ಲಿಸಡೆಲ್ ಜಮೀನ್ದಾರರ ಮಗಳು. ಕುದುರೆ ಸವಾರಿ, ಪ್ಯಾರಿಸ್ಸಿನಲ್ಲಿ ಚಿತ್ರಕಲೆ. ಅಂಥವರು 1913ರಲ್ಲಿ ಡಬ್ಲಿನ್ನಿನ ಮಾಲೀಕರು ಕೆಲಸಗಾರರನ್ನು ಹೊರಹಾಕಿ ಬಾಗಿಲು ಮುಚ್ಚಿದಾಗ, ಕಾರ್ಮಿಕ ಸಂಘದ ಲಿಬರ್ಟಿ ಹಾಲಿನ ಅಡುಗೆಮನೆಯಲ್ಲಿ ಹಸಿದವರಿಗೆ ಸೂಪು ಬಡಿಸುತ್ತ ನಿಂತರು. 1916ರಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ ಈಸ್ಟರ್ ದಂಗೆಯಲ್ಲಿ ಬಂದೂಕು ಹಿಡಿದರು. ಶರಣಾಗುವಾಗ ಪಿಸ್ತೂಲಿಗೆ ಮುತ್ತಿಟ್ಟು ಒಪ್ಪಿಸಿದರು. ಮರಣದಂಡನೆಯಾಯಿತು, ಹೆಣ್ಣೆಂಬ ಒಂದೇ ಕಾರಣಕ್ಕೆ ಅದು ಜೀವಾವಧಿಗೆ ಇಳಿಯಿತು. 1919ರಲ್ಲಿ, ಡಬ್ಲಿನ್ನಿನ ಆ ಸಭೆ ರಚಿಸಿದ ಸಂಪುಟದಲ್ಲಿ ಕಾರ್ಮಿಕ ಮಂತ್ರಿ. ಆಮೇಲೆ ಐರ್ಲೆಂಡಿನ ಸಂಪುಟ ಇನ್ನೊಬ್ಬ ಹೆಣ್ಣುಮಗಳನ್ನು ಕಂಡದ್ದು 1979ರಲ್ಲಿ!

ನನಗೆ ಸಿಟ್ಟಿರುವುದು ನಿಮ್ಮ ಮೇಲಲ್ಲ, ಆ ಗೈಡುಗಳ ಮೇಲೆ. ಒಂದು ಪ್ರಶ್ನೆ, ಒಂದು ಪದ, ಮುಗಿಯಿತು. ಕುರ್ಚಿ ಸಿಕ್ಕವರಿಗೆ ಅಲ್ಲಿ ಜಾಗವಿದೆ, ಕುರ್ಚಿ ಬೇಡವೆಂದವರಿಗೆ ಇಲ್ಲ. ಒಮ್ಮೆ ಒಂದು ರಸಪ್ರಶ್ನೆಯಲ್ಲಿ ಹೈಸ್ಕೂಲು ಹುಡುಗಿಯೊಬ್ಬಳು ಇದೇ ಪ್ರಶ್ನೆಗೆ ‘ಮಾರ್ಕಿವಿಚ್’ ಎಂದಳು. ಕೇಳಿದ್ದು ‘ಆಯ್ಕೆಯಾದವರು ಯಾರು’ ಎಂದೇ. ನಡೆಸುತ್ತಿದ್ದವರು ಕೈಯಲ್ಲಿನ ಚೀಟಿ ನೋಡಿ ‘ತಪ್ಪು’ ಎಂದರು. ಅವಳು ವಾದಿಸಲಿಲ್ಲ. ಲಂಗದ ಅಂಚು ಹಿಡಿದುಕೊಂಡು ಸುಮ್ಮನೆ ಕೂತಳು. ಸಭೆಯಲ್ಲಿದ್ದ ನಾನೂ ಎದ್ದು ಹೇಳಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ.

1927ರಲ್ಲಿ ಮಾರ್ಕಿವಿಚ್ ತೀರಿಕೊಂಡದ್ದು ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ, ಬಡವರ ನಡುವೆ. ದರ್ಶನಕ್ಕೆ ಡಬ್ಲಿನ್ನಿನ ಸಿಟಿ ಹಾಲ್ ಕೊಡಲು ಅಧಿಕಾರದಲ್ಲಿದ್ದವರು ಒಪ್ಪಲಿಲ್ಲ. ದೇಹವನ್ನು ರೊಟುಂಡಾ ಎಂಬ ಕಟ್ಟಡದಲ್ಲಿ ಇಟ್ಟರು, ಜನ ಸಾವಿರಗಟ್ಟಲೆ ಅಲ್ಲಿಗೇ ಬಂದರು.

ಮಗಳಿಗೆ ಹೇಳಿ: ಪ್ರಶ್ನೆಯಲ್ಲಿ ‘ಆಯ್ಕೆಯಾದ’ ಎಂದಿದ್ದರೆ ಮಾರ್ಕಿವಿಚ್, ‘ಸದನದಲ್ಲಿ ಕೂತ’ ಎಂದಿದ್ದರೆ ಆಸ್ಟರ್. ಗೈಡಿನ ಆ ಪುಟದ ಅಂಚಿನಲ್ಲಿ ಪೆನ್ನಿನಲ್ಲೇ ಬರೆದಿಡಲಿ.

– ಸಂ.