ನನ್ನ ತಮ್ಮ ಕೊಳ್ಳುವ ಮನೆಯಲ್ಲಿ ರೇಡಾನ್ 6.8 ಬಂದಿದೆ, ಮನೆ ಬಿಡಬೇಕಾ?

ನಿಮ್ಮ ತಮ್ಮ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೊಳ್ಳಲು ನೋಡಿದ ಮನೆಯಲ್ಲಿ ರೇಡಾನ್ 6.8 ಬಂದಿದೆ, ಬಿಟ್ಟುಬಿಡಬೇಕಾ, ಕಾಸರಗೋಡಿನ ಬದಿಯಡ್ಕದ ನಿಮ್ಮ ಮನೆಗೂ ಪರೀಕ್ಷೆ ಬೇಕಾ ಅಂತ ಕೇಳಿದ್ದೀರಿ. ಅಷ್ಟಕ್ಕೆ ಮನೆ ಬಿಡಬೇಡ ಅಂತ ಹೇಳಿ. ನಾನು ಹತ್ತಿರದ ಪೆರ್ಲದವನು, ಒಂಬತ್ತು ವರ್ಷ ಪೆನ್ಸಿಲ್ವೇನಿಯಾದಲ್ಲೇ ಇದ್ದೆ. ಮನೆ ಮಾರುವಾಗ ನನ್ನದೂ ಇದೇ ಕಥೆ.

ಮಣ್ಣು, ಬಂಡೆಯಲ್ಲಿರುವ ಯುರೇನಿಯಂ ನಿಧಾನವಾಗಿ ಒಡೆಯುತ್ತಾ ಹೋದಾಗ ಹುಟ್ಟುವ ಅನಿಲ ಈ ರೇಡಾನ್. ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮಲ್ಲಿ ನೀರಿಗಾಗಿ ಸುರಂಗ ಕೊರೆಯುವವರು ಮೇಣದಬತ್ತಿ ಹಿಡಿದು ಒಳಗೆ ಹೋಗುತ್ತಾರಲ್ವಾ? ಬತ್ತಿ ನಂದಿದರೆ ಗಾಳಿ ಸಾಲದು ಅಂತ ಗೊತ್ತಾಗುತ್ತದೆ. ರೇಡಾನಿಗೆ ಅಂಥ ಬತ್ತಿಯೂ ಇಲ್ಲ, ಯಂತ್ರವೇ ಬೇಕು. ಅಲ್ಲಿ ಚಳಿಗೆ ಮನೆ ಮುಚ್ಚಿಯೇ ಇರುತ್ತದೆ, ಕೆಳಗೆ ಬೇಸ್‌ಮೆಂಟ್ ಬೇರೆ. ಕಾಂಕ್ರೀಟಿನ ಬಿರುಕಲ್ಲಿ ಮೇಲೆ ಬಂದದ್ದು ಒಳಗೇ ಕೂರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ, ಸಿಗರೇಟು ಸೇದುವವರಿಗೆ ಇನ್ನೂ ಜಾಸ್ತಿ. 1984ರಲ್ಲಿ ಅದೇ ರಾಜ್ಯದ ಅಣುಸ್ಥಾವರಕ್ಕೆ ಕೆಲಸಕ್ಕೆ ಹೋದ ಸ್ಟಾನ್ಲಿ ವಾಟ್ರಾಸ್ ಎಂಬ ಎಂಜಿನಿಯರನ್ನು ಕಂಡು ವಿಕಿರಣದ ಅಲಾರಂ ಹೊಡೆಯಿತು. ಹುಡುಕಿದರೆ ಆ ವಿಕಿರಣ ಅವರ ಮನೆಯ ರೇಡಾನಿನಿಂದಲೇ ಬಂದದ್ದು!

ನನ್ನ ಪರೀಕ್ಷೆ ಮೊದಲ ಸಲ ಹಾಳಾದದ್ದು ಅಮ್ಮನಿಂದ. ಕೊಳ್ಳುವವರ ಕಡೆಯವನು ಬೇಸ್‌ಮೆಂಟಿನಲ್ಲಿ ಡಬ್ಬಿಯಂಥ ಮಾನಿಟರ್ ಇಟ್ಟು ಹೋದ. ಕಡಿಮೆಯೆಂದರೆ 48 ಗಂಟೆ ಇಡಬೇಕು, 12 ಗಂಟೆ ಮೊದಲಿನಿಂದಲೇ ಕಿಟಕಿ ಮುಚ್ಚಿರಬೇಕು. ಊರಿಂದ ಬಂದಿದ್ದ ಅಮ್ಮ ಬೆಳಗ್ಗೆ ಎದ್ದವರೇ "ಎಂಥ ಮುಗ್ಗಲು ವಾಸನೆ ಮಾರಾಯ" ಅಂತ ಕೆಳಗಿನ ಎರಡೂ ಕಿಟಕಿ ತೆರೆದಿಟ್ಟರು. ಗಂಟೆಗೊಂದು ಅಂಕಿ ಬರೆದುಕೊಳ್ಳುವ ಯಂತ್ರ ಅದು. ಏಳು ಗಂಟೆಯಿಂದ ಗೆರೆ ಇಳಿಯುತ್ತಾ ಹೋಗಿತ್ತು. ನಾನು ಬೇಕಂತಲೇ ಮಾಡಿದೆ ಅಂತ ಕೊಳ್ಳುವವರಿಗೆ ಸಂಶಯ. ಇನ್ನೊಮ್ಮೆ ಇಡಿಸಿದಾಗ ಲೀಟರ್ ಗಾಳಿಗೆ 9.1 ಪಿಕೊಕ್ಯೂರಿ (ವಿಕಿರಣದ ಅಳತೆ, ನಿಮ್ಮ ತಮ್ಮನ 6.8 ಕೂಡ ಇದರಲ್ಲೇ). ಅಲ್ಲಿ 4 ಮುಟ್ಟಿದರೆ ಸರಿಪಡಿಸಿ ಅನ್ನುತ್ತಾರೆ.

ಸರಿಪಡಿಸುವ ಕೆಲಸ ಒಂದೇ ದಿನದ್ದು. ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು ಪಿವಿಸಿ ಪೈಪ್ ಇಳಿಸಿ ಫ್ಯಾನ್ ಜೋಡಿಸಿದರು. ನೆಲದಡಿಯ ಗಾಳಿಯನ್ನು ಅದು ಎಳೆದು ಮಾಡಿನ ಮೇಲೆ ಬಿಡುತ್ತದೆ. ಬಿರುಕಿಗೆ ಸುಮ್ನೆ ಸಿಮೆಂಟ್ ಮೆತ್ತಿದರೆ ಸಾಲದು. ಪೈಪಿನ ಮೇಲೆ ಬಣ್ಣದ ದ್ರವ ತುಂಬಿದ, ಲಾಳದಂತೆ ಬಗ್ಗಿದ ಪುಟ್ಟ ಕೊಳವೆ ಇರುತ್ತದೆ. ಎರಡೂ ಕಡೆ ದ್ರವ ಸಮ ನಿಂತಿದೆ ಅಂದರೆ ಫ್ಯಾನ್ ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ನನಗೆ ಆದದ್ದು ಸುಮಾರು 1,300 ಡಾಲರ್. ಆಮೇಲಿನ ಪರೀಕ್ಷೆಯಲ್ಲಿ 1.2.

ನಿಮ್ಮ ತಮ್ಮ ಇದನ್ನು ಮಾರುವವರ ಕೈಯಲ್ಲಿ ಮಾಡಿಸುವುದಕ್ಕಿಂತ ಅಷ್ಟು ದುಡ್ಡನ್ನು ಬೆಲೆಯಲ್ಲಿ ಇಳಿಸಿಕೊಂಡು ತಾನೇ ಮಾಡಿಸಲಿ. ಬಿಟ್ಟು ಹೋಗುವವನು ಅಗ್ಗದವರನ್ನೇ ಹುಡುಕುತ್ತಾನೆ, ನಾನೂ ಅದನ್ನೇ ಮಾಡಿದ್ದು. ರಾಜ್ಯದ ಸರ್ಟಿಫಿಕೇಟ್ ಇದ್ದವರನ್ನೇ ಕರೆಯಲಿ. ಮರುಪರೀಕ್ಷೆ ಬೇರೆಯವರಿಂದ ಆಗಲಿ.

ಇನ್ನು ಬದಿಯಡ್ಕದ ಕೆಂಪು ಕಲ್ಲಿನ ಮನೆ. ಬೇಸ್‌ಮೆಂಟ್ ಇಲ್ಲ, ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತದೆ, ಹಗಲಿಡೀ ಬಾಗಿಲು ತೆರೆದೇ ಇರುತ್ತದೆ. ನಾನಾದರೆ ರೇಡಾನ್ ಪರೀಕ್ಷೆಯ ದುಡ್ಡನ್ನು ಬಾವಿ ನೀರಿನ ಪರೀಕ್ಷೆಗೆ ಹಾಕುತ್ತೇನೆ. ಎಸಿ ಹಾಕಿಸಿ ಕಿಟಕಿ ಬಿಗಿದ ಕೋಣೆ ಕೆಳಗೆ ಇದ್ದರೆ ಮಾತ್ರ, ಬೆಳಗ್ಗೆ ನನ್ನ ಅಮ್ಮ ಮಾಡಿದ್ದನ್ನೇ ಮಾಡಿ.