ನಿಂತ ಗಾಡಿಯನ್ನು ನಿಂತಾಗಲೇ ನೋಡಿ

ಪ್ರಶ್ನೆ: ಸಾರ್, ನಾನು ಮಂಡ್ಯ ಕಡೆಯವನು. ಇಪ್ಪತ್ತು ವರ್ಷದಿಂದ ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇನೆ. ಹಾಸ್ಟೆಲ್ ಗೋಡೆಗೆ ಪಟ ಅಂಟಿಸಿಕೊಂಡಿದ್ದ ಕಾರು ಹೋದ ವರ್ಷ ಮನೆಗೆ ಬಂತು, 1987ರ ಪೋರ್ಷೆ 944. ಎರಡು ತಿಂಗಳ ಹಿಂದೆ ಹೆದ್ದಾರಿಯಲ್ಲಿ 60 ಮೈಲಿ ವೇಗದಲ್ಲಿ ಹೋಗುತ್ತಿದ್ದೆ. ಕೆಮ್ಮಲಿಲ್ಲ, ಜಗ್ಗಲಿಲ್ಲ, ದೀಪ ಆರಿಸಿದ ಹಾಗೆ ಎಂಜಿನ್ ಆಫ್ ಆಯಿತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಹಿಡಿಯುವುದಿಲ್ಲ. 40 ನಿಮಿಷ ಆದ ಮೇಲೆ ಟೋ ಟ್ರಕ್‌ನವನು ಬಂದು ಕೀ ತಿರುಗಿಸಿದ, ತಕ್ಷಣ ಸ್ಟಾರ್ಟ್! ಅವನು ನನ್ನ ಮುಖ ನೋಡಿದ ರೀತಿ ಮರೆಯೋಕಾಗಲ್ಲ. ಆಮೇಲೆ ಇನ್ನೂ ಎರಡು ಸಲ ಹೀಗೇ ಆಯಿತು. ಗ್ಯಾರೇಜಿನವರು ‘ಕೀ ಆನ್ ಮಾಡಿದರೆ ಪಂಪ್ ಸದ್ದು ಬರ್ತಿಲ್ಲ’ ಎಂದು ಪೆಟ್ರೋಲ್ ಪಂಪ್ ಮತ್ತು ಫಿಲ್ಟರ್ ಬದಲಿಸಿದರು. ಮೂರೇ ದಿನಕ್ಕೆ ಮನೆ ಶೆಡ್ಡಿಗೆ ತಂದು ನಿಲ್ಲಿಸುವಷ್ಟರಲ್ಲಿ ಮತ್ತೆ ಆಫ್. ಈ ಸಲ ತಣ್ಣಗಾದ ಮೇಲೂ ಸ್ಟಾರ್ಟ್ ಆಗಿಲ್ಲ. ಈಗ ಎಂಜಿನ್ ಕಂಪ್ಯೂಟರ್ ಬದಲಿಸೋಣ ಅನ್ನುತ್ತಿದ್ದಾರೆ. ಹೆಂಡತಿ ಗಾಡೀನೇ ಮಾರಿಬಿಡಿ ಅನ್ನುತ್ತಾಳೆ. ಯಾರ ಮಾತು ಕೇಳಲಿ?
– ವಿ.ಎಸ್., ನ್ಯೂಜೆರ್ಸಿ

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಗಾಡಿ ಈಗ ಶೆಡ್ಡಿನಲ್ಲಿ ಸತ್ತು ಮಲಗಿದೆ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ನಲವತ್ತು ನಿಮಿಷಕ್ಕೆ ತಾನೇ ಎದ್ದು ಕೂರುವ ಗಾಡಿಯಲ್ಲಿ ಯಾರೂ ಏನೂ ಕಂಡುಹಿಡಿಯೋಕಾಗಲ್ಲ. ಡಾಕ್ಟರ ಹತ್ತಿರ ಹೋದಾಗ ಹಲ್ಲುನೋವು ಮಾಯ ಆದ ಹಾಗೆ. ಈಗ ಅದನ್ನು ಟೋ ಮಾಡಿಸಿ ಅಲ್ಲಾಡಿಸಬೇಡಿ. ಮುಖ್ಯವಾಗಿ, ಸುಮ್ನೆ ಸುಮ್ನೆ ಸೆಲ್ಫ್ ಹೊಡೀಬೇಡಿ.

ಯಾಕೆಂದರೆ ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್, ಅಂದರೆ ಕೆಳಗಿನ ಕ್ರ್ಯಾಂಕ್‌ನಿಂದ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಪಟ್ಟಿ, ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಗುದ್ದುತ್ತದೆ. ವಾಲ್ವ್ ಸೊಟ್ಟ ಆದರೆ ಹೆಡ್ ಬಿಚ್ಚಬೇಕು. ಆ ಖರ್ಚಿನ ಮುಂದೆ ಪಂಪಿಗೆ ಕೊಟ್ಟ ದುಡ್ಡು ಚಿಲ್ಲರೆ. ನಿಮ್ಮ ಗಾಡಿ ಎರಡು ಮೂರು ಸಲ ಮತ್ತೆ ಸ್ಟಾರ್ಟ್ ಆಗಿರುವುದರಿಂದ ಆಗ ಬೆಲ್ಟ್ ನೆಟ್ಟಗಿತ್ತು. ಈ ಸಲ ಆಗಿಲ್ಲ ಅಂದಿರಿ, ಅದಕ್ಕೇ ಮೊದಲು ಅದನ್ನು ನೋಡಿಬಿಡೋಣ. 944ರಲ್ಲಿ ಒಂದು ಸುಖ ಇದೆ. ಡಿಸ್ಟ್ರಿಬ್ಯೂಟರ್ ರೋಟರ್ ನೇರವಾಗಿ ಕ್ಯಾಮ್‌ಶಾಫ್ಟ್ ತುದಿಗೇ ಕೂತಿದೆ, ಎಂಜಿನ್ ಮುಂದುಗಡೆ. ಕ್ಯಾಪ್ ತೆಗೆಯಿರಿ. ಕೆಳಗೆ ಕ್ರ್ಯಾಂಕ್ ಬೋಲ್ಟ್‌ಗೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ಕೈಯಲ್ಲಿ ನಿಧಾನ ತಿರುಗಿಸಿ. ರೋಟರ್ ಜೊತೆಗೇ ತಿರುಗಿದರೆ ಬೆಲ್ಟ್ ಇದೆ. ನಿಂತಲ್ಲೇ ನಿಂತಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಕಿವಿಯೂ ಹೇಳುತ್ತದೆ: ಬೆಲ್ಟ್ ಹೋದ ಎಂಜಿನ್‌ಗೆ ಸೆಲ್ಫ್ ಹೊಡೆದರೆ ಭಾರವೇ ಇಲ್ಲದ ಹಾಗೆ ಸರ್ರನೆ ತಿರುಗುತ್ತದೆ, ಎಂದಿನ ‘ಗುರ್ ಗುರ್’ ಲಯ ಇರಲ್ಲ. ಬೆಲ್ಟ್ ಕೊನೆಗೆ ಯಾವಾಗ ಬದಲಿಸಿದ್ದು ಅಂತ ಹಳೇ ಮಾಲೀಕರ ಬಿಲ್ಲು ಇದೆಯಾ? ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ಲೆಕ್ಕ.

ಇನ್ನು ಪಂಪಿನ ವಿಷಯ. ಬಹಳ ಗಾಡಿಗಳಲ್ಲಿ ಕೀ ಆನ್ ಮಾಡಿದ ಕೂಡಲೇ ಹಿಂದೆ ‘ಝುಂಯ್’ ಅಂತ ಎರಡು ಸೆಕೆಂಡು ಪಂಪ್ ಓಡುತ್ತದೆ. 944ರಲ್ಲಿ ಹಾಗಿಲ್ಲ. ಎಂಜಿನ್ ತಿರುಗುತ್ತಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾದ ಮೇಲೇ ಪಂಪ್‌ಗೆ ಕರೆಂಟ್ ಹೋಗೋದು. ಅಂದರೆ ಕೀ ಆನ್ ಮಾಡಿ ಸದ್ದು ಬರದಿದ್ದರೆ ಅದು ಪಂಪ್ ಸತ್ತ ಲಕ್ಷಣ ಅಲ್ಲ, ಅದರ ಸ್ವಭಾವವೇ ಅದು. ನಿಮ್ಮ ಗ್ಯಾರೇಜಿನವರು ಮೋಸ ಮಾಡಿದ್ದಾರೆ ಅಂತ ನಾನು ಹೇಳಲ್ಲ. ಇದೇ ತಪ್ಪು ನಾನೂ ಮಾಡಿದ್ದೇನೆ. ಮಸ್ಕತ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಮೊದಲ ಬೇಸಿಗೆಯಲ್ಲೇ ಒಂದು ಬಿಳಿ 944 ಬಂತು. ಮಧ್ಯಾಹ್ನ ನಿಲ್ಲುತ್ತದೆ, ರಾತ್ರಿ ಓಡುತ್ತದೆ. ಪಂಪ್ ಸದ್ದಿಲ್ಲ ಅಂತ ಪಂಪ್ ಹಾಕಿದೆ, ದುಡ್ಡೂ ಇಸ್ಕೊಂಡೆ. ಮರುದಿನ ಅದೇ ಗಾಡಿ ಹಗ್ಗ ಕಟ್ಟಿಸಿಕೊಂಡು ವಾಪಸ್ ಬಂತು! ನಮ್ಮಲ್ಲಿ ಗೋವಾದ ಒಬ್ಬ ಹಿರಿಯರಿದ್ದರು. ಏನೂ ಮಾತಾಡದೆ ಒಂದು ರಿಲೇ (ಕರೆಂಟ್ ಆನ್ ಆಫ್ ಮಾಡುವ ಪುಟ್ಟ ಸ್ವಿಚ್ ಡಬ್ಬಿ) ಕಿತ್ತು, ಅದರ ಡಬ್ಬಿ ಬಿಡಿಸಿ, ಭೂತಗನ್ನಡಿ ನನ್ನ ಕೈಗೆ ಕೊಟ್ಟರು. ಒಂದು ಪಿನ್ನಿನ ಬೆಸುಗೆ ಸುತ್ತ ಕೂದಲಿನಷ್ಟು ಸಣ್ಣ ಉಂಗುರದ ಬಿರುಕು.

ಅದೇ ಡಿಎಂಇ ರಿಲೇ. ಡಿಎಂಇ ಅಂದರೆ ಈ ಗಾಡಿಯ ಎಂಜಿನ್ ಕಂಪ್ಯೂಟರ್ ವ್ಯವಸ್ಥೆ. 944 ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಹೆಸರು, ಒಂದು ಸ್ಪೇರ್ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಈ ಒಂದು ಡಬ್ಬಿಯೊಳಗೆ ಎರಡು ಕೆಲಸ ನಡೆಯುತ್ತದೆ. ಒಂದು ಭಾಗ ಕಂಪ್ಯೂಟರ್‌ಗೆ ಕರೆಂಟ್ ಕೊಡುತ್ತದೆ, ಇನ್ನೊಂದು ಪಂಪ್‌ಗೆ. ಬಿಸಿಯಾದಾಗ ಬೆಸುಗೆ ಹಿಗ್ಗುತ್ತದೆ, ತಣ್ಣಗಾದಾಗ ಕುಗ್ಗುತ್ತದೆ. ಮೂವತ್ತು ನಲವತ್ತು ವರ್ಷ ಇದೇ ನಡೆದರೆ ಬಿರುಕು ಬಿಡುತ್ತದೆ. ಬಿಸಿಯಲ್ಲಿ ಬಿಟ್ಟುಕೊಳ್ಳುತ್ತದೆ, ಆರಿದ ಮೇಲೆ ಮತ್ತೆ ಅಂಟುತ್ತದೆ. ನಿಮ್ಮ 40 ನಿಮಿಷದ ಕಥೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಆದರೂ ಕಥೆ ಕೇಳಿ ರಿಲೇ ಕೊಳ್ಳಬೇಡಿ, ಪರೀಕ್ಷೆ ಮಾಡಿ ಕೊಳ್ಳಿ.

ಮನೆಯವರಲ್ಲಿ ಯಾರನ್ನಾದರೂ ಕೂರಿಸಿ, ಐದು ಸೆಕೆಂಡು ಸೆಲ್ಫ್ ಹೊಡೆಸಿ. ನೀವು ಆರ್‌ಪಿಎಂ ಮುಳ್ಳನ್ನೇ ನೋಡಿ. ಮುಳ್ಳು ಸ್ವಲ್ಪ ಕುಣಿದರೆ ಕಂಪ್ಯೂಟರ್ ಬದುಕಿದೆ, ಎಂಜಿನ್ ತಿರುಗುವುದೂ ಅದಕ್ಕೆ ಕಾಣುತ್ತಿದೆ. ಸೊನ್ನೆಯಲ್ಲೇ ಕೂತಿದ್ದರೆ ಒಂದೋ ಕಂಪ್ಯೂಟರ್‌ಗೆ ಕರೆಂಟ್ ಇಲ್ಲ, ಇಲ್ಲವೇ ಸೆನ್ಸರ್ ಸುದ್ದಿ ಕಳಿಸುತ್ತಿಲ್ಲ.

ಆಮೇಲೆ ಡಿಎಂಇ ರಿಲೇ ಕಿತ್ತು, ಅದರ ಸಾಕೆಟ್ಟಿನಲ್ಲಿ 30, 87, 87ಬಿ ಎಂಬ ಮೂರು ಜಾಗ ಒಂದಕ್ಕೊಂದು ಸೇರಿಸಿ. ದಪ್ಪ ವೈರ್ ಇರಲಿ, ಮಧ್ಯೆ ಒಂದು ಫ್ಯೂಸ್ ಇರಲಿ. ಜೋಡಿಸಿದ ಕೂಡಲೇ ಹಿಂದೆ ಪಂಪ್ ಓಡುವ ಸದ್ದು ಬರಬೇಕು. ನಂಬರ್ ನೋಡದೆ ಅಂದಾಜಿನಲ್ಲಿ ತಂತಿ ಚುಚ್ಚಬೇಡಿ, ಶೆಡ್ಡಿನ ಬಾಗಿಲು ಪೂರಾ ತೆಗೆದಿಡಿ, ಪೆಟ್ರೋಲ್ ವಾಸನೆ ಬಂದರೆ ನಿಲ್ಲಿಸಿ. ಈಗ ಸೆಲ್ಫ್ ಹೊಡೆಯಿರಿ. ಸ್ಟಾರ್ಟ್ ಆಯಿತಾ? ತಪ್ಪು ರಿಲೇದು. ಹಳೆಯದಕ್ಕೆ ಮತ್ತೆ ಬೆಸುಗೆ ಹಾಕಿ ಸ್ಪೇರ್ ಮಾಡಿಕೊಳ್ಳಿ, ಹೊಸದನ್ನು ಹಾಕಿ. ವೈರ್ ಹಾಕಿಕೊಂಡೇ ತಿಂಗಳುಗಟ್ಟಲೆ ಓಡಿಸುವವರಿದ್ದಾರೆ, ಅದು ಬೇಡ. ಕೀ ತೆಗೆದರೂ ಪಂಪ್ ನಿಲ್ಲಲ್ಲ, ಆಕ್ಸಿಡೆಂಟ್ ಆಗಿ ಪೈಪ್ ಕಿತ್ತರೂ ನಿಲ್ಲಲ್ಲ.

ವೈರ್ ಹಾಕಿದರೂ ಸ್ಟಾರ್ಟ್ ಆಗದೆ, ಮುಳ್ಳೂ ಕುಣಿಯದಿದ್ದರೆ ಸೆನ್ಸರ್ ಕಡೆ ಹೋಗಿ. ಎಂಜಿನ್ ಹಿಂದೆ, ಫ್ಲೈವೀಲ್ ಮೇಲೆ, ಎರಡು ಸೆನ್ಸರ್ ಅಕ್ಕಪಕ್ಕ ಇವೆ. ಒಂದು ವೇಗ ಹೇಳುತ್ತದೆ, ಇನ್ನೊಂದು ಪಿಸ್ಟನ್ ಎಲ್ಲಿದೆ ಅಂತ ಹೇಳುತ್ತದೆ. ಕೈ ಹೋಗದ ಜಾಗ, ಉಗುರು ಮುರಿಯುವುದು ಗ್ಯಾರಂಟಿ. ಪ್ಲಗ್ ಬಿಚ್ಚಿ ಮೀಟರ್ ಇಟ್ಟರೆ ಹತ್ತಿರಹತ್ತಿರ 1000 ಓಮ್ಸ್ ತೋರಿಸಬೇಕು. 600ರಿಂದ 1600ರ ತನಕ ಇದ್ದರೆ ಸರಿ. ಒಂದು ಪೂರ್ತಿ ಓಪನ್, ಅಂದರೆ ಒಳಗೆ ತಂತಿ ಕಡಿದ ಹಾಗೆ, ತೋರಿಸಿದರೆ ಕಳ್ಳ ಸಿಕ್ಕ ಹಾಗೆ. ಸರಿ ತೋರಿಸಿದರೂ ಕನೆಕ್ಟರ್ ನೋಡಿ. ಬಿಸಿಗೆ, ಎಣ್ಣೆಗೆ ಆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಆಗಿರುತ್ತದೆ, ಮುಟ್ಟಿದರೆ ಪುಡಿ. ಎರಡು ಸೆನ್ಸರೂ ಒಂದೇ ಥರ, ಕನೆಕ್ಟರೂ ಒಂದೇ ಥರ. ಅದಲು ಬದಲು ಹಾಕಿದರೆ ಜನ್ಮದಲ್ಲಿ ಸ್ಟಾರ್ಟ್ ಆಗಲ್ಲ, ಅದಕ್ಕೇ ಬಿಚ್ಚುವ ಮೊದಲು ಬಣ್ಣದ ಟೇಪ್ ಸುತ್ತಿ. ಹೊಸ ಸೆನ್ಸರ್ ಹಾಕುವಾಗ ತುದಿಯ ಗ್ಯಾಪ್ 0.8 ಮಿಲಿಮೀಟರ್ ಇರಬೇಕು.

ಮುಳ್ಳು ಕುಣಿಯುತ್ತಿದೆ, ಪಂಪ್ ಓಡುತ್ತಿದೆ, ಆದರೂ ಹಿಡಿಯುತ್ತಿಲ್ಲ ಅಂದರೆ ಪ್ಲಗ್‌ನಲ್ಲಿ ಕಿಡಿ ನೋಡಿ, ಪೆಟ್ರೋಲ್ ಪ್ರೆಷರ್ ನೋಡಿ. ಪಂಪ್ ಓಡುವಾಗ 2.5 ಬಾರ್ ಹತ್ತಿರ ಬರಬೇಕು. ಗೇಜ್ ಹಾಕೋಕೆ ಫ್ಯೂಯೆಲ್ ರೈಲಿನ ತುದಿಯಲ್ಲಿ ಒಂದು ನಟ್ ಇದೆ. ಅದರೊಳಗೆ ಒಂದು ಪುಟ್ಟ ಉಕ್ಕಿನ ಗುಂಡು ಇರುತ್ತದೆ. ನಟ್ ಬಿಚ್ಚುವಾಗ ಅಂಗೈ ಅಡ್ಡ ಹಿಡಿಯಿರಿ. ನಾನು ಒಂದು ಗುಂಡಿಗಾಗಿ ಅರ್ಧ ದಿನ ನೆಲ ಗುಡಿಸಿದ್ದೇನೆ.

ಎರಡು ಪುಕ್ಕಟೆ ಪರೀಕ್ಷೆ ಹೇಳೋದು ಬಿಟ್ಟೆ. ಗಾಡಿ ನಿಂತಲ್ಲೇ ಇರಲಿ, ಎಂಜಿನ್ ಓಡುತ್ತಿರುವಾಗ ಕೀಯನ್ನು ಹಗುರವಾಗಿ ಅಲ್ಲಾಡಿಸಿ ನೋಡಿ. ಕೀ ಹಿಂದಿರುವ ಸ್ವಿಚ್ ಸವೆದಿದ್ದರೂ ಹೀಗೇ ಆಫ್ ಆಗುತ್ತದೆ. ಮನೆ ಕೀ, ಬೀರು ಕೀ, ಚಾಮುಂಡಿ ಬೆಟ್ಟದ ಕೀಚೈನ್ ಎಲ್ಲ ಅದಕ್ಕೇ ನೇತುಹಾಕಿದ್ದರೆ ಬಿಡಿಸಿ ಇಡಿ. ಇನ್ನೊಂದು, ಹಳೇ ಮಾಲೀಕರು ಯಾವಾಗಲೋ ಹಾಕಿಸಿದ ಕಳ್ಳರ ಅಲಾರ್ಮ್ ಡ್ಯಾಶ್‌ಬೋರ್ಡ್ ಕೆಳಗೆ ಇದೆಯಾ ನೋಡಿ. ಇದ್ದರೆ ಇಗ್ನಿಷನ್ ವೈರನ್ನು ಕತ್ತರಿಸಿ ಟೇಪ್ ಸುತ್ತಿ ಸೇರಿಸಿರುತ್ತಾರೆ, ಆ ಜೋಡಣೆ ಸಡಿಲಾದರೂ ಗಾಡಿ ಹೀಗೇ ಆಫ್ ಆಗುತ್ತದೆ.

ಕಂಪ್ಯೂಟರ್ ಕೊನೇ ಸಾಲಿನಲ್ಲಿ ನಿಲ್ಲಲಿ. ಮತ್ತೆ ರಸ್ತೆಯಲ್ಲಿ ನಿಂತರೆ ಬ್ರೇಕ್ ಪೆಡಲ್ ಸುಮ್ಮನೆ ಪಂಪ್ ಮಾಡಬೇಡಿ. ಎಂಜಿನ್ ಆಫ್ ಆದ ಮೇಲೆ ಬ್ರೇಕಿಗೆ ಬಲ ಕೊಡುವ ಬೂಸ್ಟರ್‌ನಲ್ಲಿ ಎರಡು ಮೂರು ಒತ್ತಿಗೆ ಆಗುವಷ್ಟೇ ಬಲ ಉಳಿದಿರುತ್ತದೆ. ಅಷ್ಟರಲ್ಲಿ ಬಲಕ್ಕೆ ತಂದು ನಿಲ್ಲಿಸಿ. ಮುಳ್ಳು ಕುಣಿಯಿತೋ ಇಲ್ಲವೋ ಅಂತ ಒಂದು ಸಾಲು ಬರೆಯಿರಿ. ನಿಮ್ಮ ಮನೆಯವರಿಗೆ ಒಂದು ವಾರ ತಾಳಿ ಅನ್ನಿ.

ಪ್ರಶ್ನೆ: ನಮ್ಮ ತಂದೆಯವರ ಪ್ರೀಮಿಯರ್ ಪದ್ಮಿನಿ ಚಾರ್ಮಾಡಿ ಘಾಟಿ ಹತ್ತುವಾಗ ಬೇಸಿಗೆಯಲ್ಲಿ ನಿಲ್ಲುತ್ತದೆ. ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ. ಇದಕ್ಕೂ ರಿಲೇ ಕಾರಣವೇ?
– ಓದುಗರು, ಕೊಟ್ಟಿಗೆಹಾರ

ಉತ್ತರ: ಪದ್ಮಿನಿಯಲ್ಲಿ ಅಂಥ ಕಂಪ್ಯೂಟರೂ ಇಲ್ಲ, ಆ ರಿಲೇಯೂ ಇಲ್ಲ, ನೀವು ಪುಣ್ಯವಂತರು. ನಿಂತ ತಕ್ಷಣ ಒಂದು ಪ್ಲಗ್ ವೈರ್ ಕಿತ್ತು ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ, ಅಥವಾ ಹಳದಿಯಾಗಿ ಸೊರಗಿದ್ದರೆ ಕಂಡೆನ್ಸರ್ ಇಲ್ಲವೇ ಕಾಯಿಲ್ ಬಿಸಿಗೆ ಸೋಲುತ್ತಿದೆ. ನೀಲಿ ಕಿಡಿ ಚಟ್ ಅಂತ ಹಾರಿದರೆ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಿ. ಹತ್ತು ನಿಮಿಷದಲ್ಲಿ ಸ್ಟಾರ್ಟ್ ಆದರೆ ಪೈಪಿನೊಳಗೆ ಪೆಟ್ರೋಲ್ ಆವಿಯಾಗಿ ಪಂಪ್ ಎಳೆಯೋಕಾಗ್ತಿಲ್ಲ ಅಂತ ಅರ್ಥ. ಪೈಪ್ ಎಂಜಿನ್‌ಗೆ ತಾಗುತ್ತಿದ್ದರೆ ದೂರ ಸರಿಸಿ. ಟ್ಯಾಂಕ್ ಮುಚ್ಚಳವನ್ನೂ ಒಮ್ಮೆ ತೆಗೆದು ನೋಡಿ. ‘ಸುಸ್’ ಅಂತ ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ತೂತು ಕಟ್ಟಿದೆ.

ಪ್ರಶ್ನೆ: ನನ್ನ ಹತ್ತಿರ ಹಳೇ ಸ್ಯಾನ್ ಸ್ಟಾರ್ಮ್ ಇದೆ. ಸಿಗ್ನಲ್‌ನಲ್ಲಿ ಆಫ್ ಆದರೆ ಸೆಲ್ಫ್ ‘ಟಕ್’ ಅಂತ ಮಾತ್ರ ಅನ್ನುತ್ತದೆ. ಬ್ಯಾಟರಿ ಹೊಸದು.
– ಓದುಗರು, ಬೆಂಗಳೂರು

ಉತ್ತರ: ಇನ್ನೂ ಓಡಿಸುತ್ತಿದ್ದೀರಲ್ಲ, ಖುಷಿಯಾಯಿತು. ನಮ್ಮೂರ ಕಂಪನಿಯ ಎರಡು ಸೀಟಿನ ಗಾಡಿ, ಎಂಜಿನ್ ರೆನೋದು. ಅದರ ಮೈಯೆಲ್ಲ ಫೈಬರ್ ಅನ್ನೋದು ಮರೀಬೇಡಿ. ತಗಡಿನ ಗಾಡಿಯಲ್ಲಿ ಬಾಡಿಯೇ ಅರ್ತ್ ಆಗಿ ಕೆಲಸ ಮಾಡುತ್ತದೆ, ಫೈಬರ್‌ನಲ್ಲಿ ಕರೆಂಟ್ ಹರಿಯಲ್ಲ, ಎಲ್ಲವೂ ಅರ್ತ್ ವೈರನ್ನೇ ನಂಬಿಕೊಂಡಿರುತ್ತದೆ. ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಮೈಗೆ ಇಟ್ಟು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಪಟ್ಟಿ ಬಿಚ್ಚಿ, ಎರಡೂ ತುದಿ ಉಜ್ಜಿ, ಬಿಗಿಯಾಗಿ ಹಾಕಿ. ಪಟ್ಟಿ ಹಸಿರುಗಟ್ಟಿದ್ದರೆ ಜೆ.ಸಿ. ರಸ್ತೆಯಲ್ಲಿ ಹೊಸದು ಸಿಗುತ್ತದೆ, ಸ್ವಲ್ಪ ಉದ್ದವಾಗಿರುವುದನ್ನೇ ತನ್ನಿ.