ಪ್ರತಿಕ್ರಿಯೆ: 2006–07ರ ಲಾ ಲಿಗಾ (ಸ್ಪೇನಿನ ಫುಟ್ಬಾಲ್ ಲೀಗ್) ಪಟ್ಟಿಯಲ್ಲಿ ಬಾರ್ಸಿಲೋನಾ ಮೊದಲು ಬರುತ್ತಿರುವುದೇಕೆ?

ನಿಮ್ಮ ಎಕ್ಸೆಲ್ ಪಟ್ಟಿಯಲ್ಲಿ ರಿಯಲ್ ಮ್ಯಾಡ್ರಿಡ್ ಎರಡನೇ ಸ್ಥಾನಕ್ಕೆ ಇಳಿಯಲು ಬಹುಶಃ ಕಾರಣ, ಅಂಕ ಸಮವಾದಾಗ ಗೋಲು ವ್ಯತ್ಯಾಸದ (ಹೊಡೆದ ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರ) ಮೇಲೆ ವಿಂಗಡಿಸಿರುವುದು. ಅದು ಇಂಗ್ಲೆಂಡಿನ ಕ್ರಮ. ಸ್ಪೇನಿನಲ್ಲಿ ಮೊದಲು ನೋಡುವುದು ಆ ತಂಡಗಳ ಪರಸ್ಪರ ಪಂದ್ಯಗಳನ್ನು.

ಮೊದಲು ಇಬ್ಬರಿಗೂ 76 ಅಂಕ ಬಂದಿದೆಯೇ ನೋಡಿ: ಮ್ಯಾಡ್ರಿಡ್ 23 ಗೆಲುವು, 7 ಡ್ರಾ, ಬಾರ್ಸಿಲೋನಾ 22 ಗೆಲುವು, 10 ಡ್ರಾ. ಬರದಿದ್ದರೆ ಯಾವುದೋ ಫಲಿತಾಂಶ ತಪ್ಪಾಗಿ ನಮೂದಾಗಿದೆ. ಆಮೇಲೆ ‘ಪರಸ್ಪರ ಅಂಕ’ ಎಂಬ ಕಾಲಂ ಸೇರಿಸಿ. ತನ್ನ ಮೈದಾನ ಬರ್ನಬ್ಯೂನಲ್ಲಿ ಮ್ಯಾಡ್ರಿಡ್ 2–0 ಗೆದ್ದಿತ್ತು. ಬಾರ್ಸಿಲೋನಾದ ಮೈದಾನ ಕ್ಯಾಂಪ್ ನೌನಲ್ಲಿ 3–3, ಮೆಸ್ಸಿಯ ಆ ಅದ್ಭುತ ಹ್ಯಾಟ್ರಿಕ್ ಪಂದ್ಯ. ಹಾಗಾಗಿ ಮ್ಯಾಡ್ರಿಡ್‌ಗೆ 4, ಬಾರ್ಸಿಲೋನಾಗೆ 1. ಅಂಕ ಸಮವಾಗದ ತಂಡಗಳಿಗೆ ಖಾಲಿ ಬಿಡಿ.

ಅಂಕ, ಪರಸ್ಪರ ಅಂಕ, ನಂತರವೇ ಗೋಲು ವ್ಯತ್ಯಾಸ, ಈ ಕ್ರಮದಲ್ಲಿ ವಿಂಗಡಿಸಿದರೆ ಬಾರ್ಸಿಲೋನಾದ +45 ಇದ್ದರೂ +26ರ ಮ್ಯಾಡ್ರಿಡ್ ಮೇಲೇರುತ್ತದೆ.